ಚಾಯ್ಸ್‌ಗೆ ಬಿಟ್ಟದ್ದೂ ಇಂಗ್ಲಿಷಿನ ಚಾಯ್ಸೂ

ಪ್ರಶ್ನೆ (ಬದಿಯಡ್ಕ): ಮಾಷ್ಟ್ರೇ, ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ‘ಐ ಲೆಫ್ಟ್ ಟೂ ಕ್ವೆಶ್ಚನ್ಸ್ ಫಾರ್ ಚಾಯ್ಸ್’ ಅಂತ ಬರೆದದ್ದಕ್ಕೆ ಕೆಂಪು ಗೆರೆ ಬಿದ್ದಿದೆ. ತಪ್ಪೇನು? ಚಾಯ್ಸ್, ಆಪ್ಶನ್ ಎರಡೂ ಒಂದೇ ಅಲ್ವಾ?

ಉತ್ತರ: ‘ಚಾಯ್ಸ್‌ಗೆ ಬಿಡುವುದು’ ನಮ್ಮ ಪರೀಕ್ಷಾ ಕೋಣೆಯ ಕನ್ನಡ. ಆರರಲ್ಲಿ ನಾಲ್ಕಕ್ಕೆ ಉತ್ತರಿಸಿ ಎಂದಿದ್ದರೆ, ಬಿಟ್ಟ ಎರಡನ್ನು ನಾವು ಚಾಯ್ಸ್ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಉಲ್ಟಾ, ಆರಿಸಿಕೊಂಡ ನಾಲ್ಕೇ ಚಾಯ್ಸ್. ಬಿಟ್ಟದ್ದಕ್ಕೆ ‘ಐ ಸ್ಕಿಪ್ಟ್ ಟೂ ಕ್ವೆಶ್ಚನ್ಸ್’ ಸಾಕು.

ಆಪ್ಶನ್ ಎಂದರೆ ಆರಿಸುವ ಮೊದಲು ಎದುರಿಗಿರುವುದು. ಆರಿಸುವ ಕೆಲಸ, ಆರಿಸುವ ಹಕ್ಕು, ಆರಿಸಿದ ವಸ್ತು ಮೂರಕ್ಕೂ ಚಾಯ್ಸ್ ನಡೆಯುತ್ತದೆ. ಪ್ಲಸ್ ವನ್‌ನ ಏಕಜಾಲಕ ಅರ್ಜಿ (ಕೇರಳದಲ್ಲಿ ಹನ್ನೊಂದನೇ ಕ್ಲಾಸಿಗೆ ಹಲವು ಶಾಲೆಗಳಿಗೆ ಸೇರಿಸಿ ಹಾಕುವ ಒಂದೇ ಅರ್ಜಿ) ನೋಡಿ: ಒಂದು ಶಾಲೆ, ಅಲ್ಲಿನ ಒಂದು ಕೋರ್ಸ್ ಸೇರಿದರೆ ಒಂದು ಆಪ್ಶನ್. ಅವನ್ನು ಇಷ್ಟದಂತೆ ಮೇಲೆ ಕೆಳಗೆ ಜೋಡಿಸುವುದು ಪ್ರಿಫರೆನ್ಸ್. ಆದರೆ ಗೆರೆ ಅಷ್ಟು ಗಟ್ಟಿಯಲ್ಲ. ‘ಎ ವೈಡ್ ಚಾಯ್ಸ್ ಆಫ್ ಸಾರೀಸ್’ ಎಂದಾಗ ಅಂಗಡಿಯಲ್ಲಿ ಹರಡಿಟ್ಟದ್ದೆಲ್ಲ ಚಾಯ್ಸೇ.

ಚಾಯ್ಸ್ ಜೊತೆ ಬರುವ ಕ್ರಿಯಾಪದ ‘ಮೇಕ್’, ‘ಡೂ’ ಅಲ್ಲ. ‘ಬಿಟ್ವೀನ್’ ಬಂದರೆ ‘ಆ್ಯಂಡ್’ ಬೇಕು: ‘ಎ ಚಾಯ್ಸ್ ಬಿಟ್ವೀನ್ ಕನ್ನಡ ಆ್ಯಂಡ್ ಮಲಯಾಳಂ’. ತಲೆಯಲ್ಲಿ ‘ಅಥವಾ’ ಕುಳಿತಿರುವುದರಿಂದ ಮಕ್ಕಳ ಕೈಯಲ್ಲಿ ‘ಆರ್’ ನುಸುಳುತ್ತದೆ.

ಪ್ರಶ್ನೆ (ಕುಂಬಳೆ): ‘ಬೇರೆ ದಾರಿಯೇ ಇರಲಿಲ್ಲ’ ಅನ್ನಲು ಹೇಗೆ? ಸ್ಪೆಲ್ಲಿಂಗಿನಲ್ಲಿ ‘ಸಿ’ಯೋ ‘ಎಸ್’ಓ?

ಉತ್ತರ: ‘ಐ ಹ್ಯಾಡ್ ನೋ ಚಾಯ್ಸ್ ಬಟ್ ಟು ವೇಟ್’. ‘ಟು’ ಆದ ಮೇಲೆ ಮೂಲರೂಪವೇ. ಹಿಂದಿನ ‘ಹ್ಯಾಡ್’ ನೋಡಿ ‘ವೇಟೆಡ್’ ಮಾಡಬೇಡಿ.

ನಾಮಪದ ಚಾಯ್ಸ್‌ನ ಕೊನೆಗೆ ಸಿ-ಇ, ಕ್ರಿಯಾಪದ ಚೂಸ್‌ನ ಕೊನೆಗೆ ಎಸ್-ಇ. ಕನ್ನಡದಲ್ಲಿ ಬರೆದರೆ ಎರಡರಲ್ಲೂ ‘ಸ್’ ಕಾಣುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ಚಾಯ್ಸ್‌ನಲ್ಲಿ ಬರೀ ಉಸಿರು. ಚೂಸ್‌ನಲ್ಲಿ ಜೇನುನೊಣದ ಗುಂಯ್‌ ಸದ್ದು, ಗಂಟಲಿಗೆ ಬೆರಳಿಟ್ಟರೆ ನಡುಕ ಸಿಗುತ್ತದೆ. ಭೂತಕಾಲದಲ್ಲಿ ಒಂದು ‘ಓ’ ಉದುರಿ ‘ಚೋಸ್’ ಆಗುತ್ತದೆ. ‘ಚೂಸ್ಡ್’ ಎಂಬುದಿಲ್ಲ.

ಪ್ರಶ್ನೆ (ಮಂಜೇಶ್ವರ): ಹಾಬ್ಸನ್ಸ್ ಚಾಯ್ಸ್ ಅಂದ್ರೆ ಎರಡೂ ಕೆಟ್ಟದ್ದು ಅಂತಲಾ ಸರ್?

ಉತ್ತರ: ಅಲ್ಲ, ಎರಡೂ ಕೆಟ್ಟದ್ದಾದರೆ ಅದು ಡಿಲೆಮಾ. ಹಾಬ್ಸನ್ಸ್ ಚಾಯ್ಸ್ ಎಂದರೆ ಎದುರಿಗಿರುವುದು ಒಂದೇ, ಬೇಕಾದರೆ ತಗೋ, ಇಲ್ಲದಿದ್ದರೆ ಬಿಡು. 1631ರಲ್ಲಿ ತೀರಿಕೊಂಡ ಥಾಮಸ್ ಹಾಬ್ಸನ್ ಕೇಂಬ್ರಿಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದ. ಒಳ್ಳೆಯ ಕುದುರೆಯನ್ನೇ ಎಲ್ಲರೂ ಓಡಿಸಿ ದಣಿಸಬಾರದೆಂದು ಸರದಿ ಇಟ್ಟಿದ್ದ: ಲಾಯದ ಬಾಗಿಲ ಹತ್ತಿರ ನಿಂತದ್ದನ್ನು ಒಯ್ಯಬೇಕು, ಒಲ್ಲದಿದ್ದರೆ ನಡೆದೇ ಹೋಗಬೇಕು.