"ಕಠಿಣ ಕಲ್ಲು" ಅಂದ್ರೆ ಗಟ್ಟಿ ಕಲ್ಲೋ, ತೆಗೆಯೋಕೆ ಕಷ್ಟದ ಕಲ್ಲೋ?

ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಅಮ್ಮನಿಗೆ ಅರಿಶಿನ ಕಾಮಾಲೆ ಆಗಿ ಆಸ್ಪತ್ರೆಗೆ ಸೇರಿಸಿದ್ವಿ, ನೋಡಿದ್ರೆ ಪಿತ್ತನಾಳದಲ್ಲಿ (ಲಿವರಿಂದ ಕರುಳಿಗೆ ಪಿತ್ತರಸ ಹೋಗೋ ಪೈಪಲ್ಲಿ) ಕಲ್ಲು ಸಿಕ್ಕಾಕೊಂಡಿತ್ತು. ಸಹಿ ಹಾಕೋಕೆ ಕೊಟ್ಟ ಕನ್ನಡ ಫಾರಂನಲ್ಲಿ "ಕಠಿಣ ಪಿತ್ತನಾಳ ಶಿಲೆಗಳ ನಿವಾರಣೆ" ಅಂತ ಇತ್ತು. ಅಮ್ಮ ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ "ಕಲ್ಲು ಅಂದ್ಮೇಲೆ ಗಟ್ಟಿ ಇರದೆ ಮೆತ್ತಗಿರುತ್ತೇನೋ" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಡಾಕ್ಟರು ಸ್ಕ್ರೀನ್ ಮೇಲೆ ತೋರಿಸಿದ್ರು, ಕಂದು ಬಣ್ಣದ ಮುದ್ದೆ, ಬುಟ್ಟಿ ಥರದ ತಂತಿಯಲ್ಲಿ ಹಿಡಿದು ಬಿಗಿ ಮಾಡ್ತಿದ್ದಂಗೆ ಹಳೇ ಬೆಲ್ಲದ ಅಚ್ಚು ಪುಡಿ ಆದಂಗೆ ಉದುರ್ತಾ ಇತ್ತು. ಅಂದ್ರೆ ಕಲ್ಲು ಮೆತ್ತಗೇ ಇತ್ತು! ಕಷ್ಟ ಆಗಿದ್ದು ಅದರ ಗಾತ್ರದಿಂದ. ಸುಮಾರಾಗಿ 15 ಮಿಲಿಮೀಟರ್‌ಗಿಂತ ದೊಡ್ಡದಿದ್ರೆ, ಅಥವಾ ಬಹಳ ಕಲ್ಲು ಒತ್ತೊತ್ತಾಗಿ ಕೂತಿದ್ರೆ, ಕಲ್ಲಿನ ಕೆಳಗೆ ನಾಳ ಸಣ್ಣಗಾಗಿದ್ರೆ, ಲಿವರ್ ಒಳಗಿನ ಕವಲುಗಳಲ್ಲಿ ಸೇರ್ಕೊಂಡಿದ್ರೆ ಅದನ್ನ "ಡಿಫಿಕಲ್ಟ್", ಅಂದ್ರೆ ಫಾರಂನಲ್ಲಿದ್ದ "ಕಠಿಣ" ಕಲ್ಲು ಅಂತ ಕರೀತಾರಂತೆ. ನಾಳದ ಬಾಯನ್ನ ಎಂಡೋಸ್ಕೋಪಲ್ಲಿ ಕೊಯ್ದು ಅಗಲ ಮಾಡೋ ವಿಧಾನ 1974ರಲ್ಲಿ ಜರ್ಮನಿ ಮತ್ತು ಜಪಾನಿನಿಂದ ಬಂತು, ಮಾಮೂಲಿ ಕಲ್ಲು ಅಷ್ಟಕ್ಕೇ ಈಚೆ ಬರುತ್ತೆ, ಇಂಥದ್ದಕ್ಕೆ ಆ ಬಾಯನ್ನ ಇನ್ನೂ ಹಿಗ್ಗಿಸೋ ದೊಡ್ಡ ಬಲೂನು, ಇಲ್ಲಾ ನಾಳದ ಒಳಗೇ ಸಣ್ಣ ಕ್ಯಾಮೆರಾ ಇಳಿಸಿ ಲೇಸರಿಂದ ಒಡೆಯೋದು ಎಲ್ಲ ಬೇಕಾಗುತ್ತೆ.

ಮೇದೋಜೀರಕ (ಪ್ಯಾಂಕ್ರಿಯಾಸ್ ಅನ್ನೋ ಗ್ರಂಥಿ) ನಾಳದ ಕಲ್ಲು ಮಾತ್ರ ನಿಜವಾಗ್ಲೂ ಗಟ್ಟಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ಜಾತಿ, ಅದಕ್ಕೇ 5 ಮಿಲಿಮೀಟರ್‌ಗಿಂತ ದೊಡ್ಡದಿದ್ರೆ ಕಿಡ್ನಿ ಕಲ್ಲಿಗೆ ಮಾಡೋ ಹಂಗೆ ಮೈ ಹೊರಗಿಂದಲೇ ಶಾಕ್‌ವೇವ್ ಕೊಟ್ಟು ಮೊದಲು ಪುಡಿ ಮಾಡ್ತಾರೆ. ಪಕ್ಕದ ಬೆಡ್ಡಲ್ಲಿದ್ದ ಹುಡುಗನಿಗೆ ಇದೇ ತೊಂದರೆ, ಕುಡಿಯೋನಲ್ಲ, ವಯಸ್ಸೂ ಇಲ್ಲ, ನಮ್ಮ ದಕ್ಷಿಣದ ಕಡೆ ಅದರಲ್ಲೂ ಕೇರಳದಲ್ಲಿ ಹೀಗೆ ಎಳೇ ವಯಸ್ಸಿನವರಲ್ಲಿ ಕಾಣಿಸ್ಕೊಳ್ಳೋದು ಹಿಂದಿನಿಂದ್ಲೂ ಇದೆ. ಅವನ ಫಾರಂನಲ್ಲೂ ಅದೇ "ಕಠಿಣ". ಅಲ್ಲಿ ಅದು ಹೊಂದುತ್ತೆ, ಅಮ್ಮನ ಫಾರಂನಲ್ಲಿ ದಾರಿ ತಪ್ಪಿಸುತ್ತೆ.

"ಕಠಿಣ"ದ ಬದಲು ನನಗೆ ತೋಚಿದ ಪದಗಳು: "ದುಸ್ಸಾಧ್ಯ" ಅಂದ್ರೆ ರೋಗಿ ಹೆದರ್ಕೊಳ್ತಾರೆ. ಆಯುರ್ವೇದದಲ್ಲಿ "ಕೃಚ್ಛ್ರಸಾಧ್ಯ" ಅಂತ ಇದೆ, ಕಷ್ಟಪಟ್ಟರೆ ವಾಸಿ ಆಗುವಂಥದ್ದು, ಅರ್ಥ ತಕ್ಕಡೀಲಿ ತೂಗಿದ ಹಾಗಿದೆ ಆದ್ರೆ ಓದೋರ್ಯಾರು. "ಜಗ್ಗದ ಕಲ್ಲು" ಹೇಗೆ? ಏನ್ ಮಾಡಿದ್ರೂ ಜಗ್ಗಲಿಲ್ಲ ಅಂತ ದಿನಾ ಹೇಳ್ತೀವಲ್ಲ. ನನ್ನ ಓಟು ಇದಕ್ಕೇ.

"ಪಿತ್ತ"ದ್ದು ಇನ್ನೊಂದು ಗೋಜಲು. ವಿಷಯ ಕೇಳಿ ದೊಡ್ಡಮ್ಮ ಫೋನ್ ಮಾಡಿ "ಪಿತ್ತ ತಾನೇ, ಕಾಫಿ ಬಿಡ್ಸು, ನಿಂಬೆಹಣ್ಣಿನ ಪಾನಕ ಕೊಡು" ಅಂದ್ರು, ಆಮೇಲೆ "ಪಿತ್ತಕೋಶ ತೆಗೆಸಿ ಆರು ವರ್ಷ ಆಯ್ತಲ್ಲೋ, ಮತ್ತೆಲ್ಲಿಂದ ಬಂತು ಕಲ್ಲು" ಅಂತ ಕೇಳಿದ್ರು. ಕೋಶ ಹೋದ್ರೂ ನಾಳ ಇರುತ್ತೆ, ಅಲ್ಲೂ ಕಲ್ಲು ಕಟ್ಟಬಹುದು ಅನ್ನೋದು "ಪಿತ್ತನಾಳ" ಅನ್ನೋ ಪದದಿಂದ ಅವರಿಗೆ ಹೊಳೀಲಿಲ್ಲ, "ಲಿವರಿಂದ ಕರುಳಿಗೆ ಹೋಗೋ ಪೈಪು" ಅಂದಾಗ ತಕ್ಷಣ ಗೊತ್ತಾಯ್ತು. ಹಾಗೇ "ಕರಗಿಸೋದು" ಅಂತ ಬರೀಲೇಬಾರದು, ಇಲ್ಲಿ ಕಲ್ಲು ಕರಗಲ್ಲ, ಒಡೀತಾರೆ. ಕರಗುತ್ತೆ ಅಂದ್ಕೊಂಡು ಬಾಳೆದಿಂಡಿನ ಪಲ್ಯ ತಿಂತಾ ಕೂತ್ರೆ ಅಷ್ಟರಲ್ಲಿ ಸೋಂಕಾಗಿ ಜ್ವರ ಏರಿ ಜೀವಕ್ಕೇ ಕುತ್ತು ಬರುತ್ತೆ.

ಫಾರಂ ತಿದ್ದಿ ಕೊಡ್ತೀನಿ ಅಂತ ಡಾಕ್ಟರಿಗೆ ಹೇಳಿದೀನಿ, ಅವರೂ ಒಪ್ಪಿದಾರೆ. ಉಳಿದಿರೋದು "ಮೇದೋಜೀರಕ". ಮೇದಸ್ಸನ್ನ ಜೀರ್ಣ ಮಾಡೋದು ಅಂತ ಪದ ಚೆನ್ನಾಗೇ ಕಟ್ಟಿದಾರೆ, ಆದ್ರೆ ವಾರ್ಡಿನಲ್ಲಿ ಒಬ್ಬರ ಬಾಯಲ್ಲೂ ಅದು ಬರ್ಲಿಲ್ಲ. ಮಟನ್ ಅಂಗಡಿಯವರು ಲಿವರಿಗೆ ಈಲಿ ಅಂತಾರೆ, ಕರುಳಿಗೆ ಬೋಟಿ ಅಂತಾರೆ, ಈ ಗ್ರಂಥಿಗೂ ನಿಮ್ಮ ಊರ ಕಡೆ ಏನಾದ್ರೂ ಹೆಸರಿದೆಯಾ? ಇದ್ರೆ ಯಾವ ಊರು ಅಂತಾನೂ ಸೇರಿಸಿ ಬರೀರಿ.