ಭೂತಾನಿನ ದುಡ್ಡು: ನ್ಗುಲ್ಟ್ರಮ್? ಗುಲ್ಟ್ರಮ್? ಙುಲ್ಟ್ರಮ್?

ಗೆಳೆಯರೇ,

ಭೂತಾನಿಗೆ ಹೊರಟಿರುವ ನಮ್ಮ ಮನೆಯವರಿಗೆ ಖರ್ಚಿನ ಲೆಕ್ಕ ಬರೆದುಕೊಡುತ್ತಿದ್ದೆ. ಭಾರತದವರು ಅಲ್ಲಿ ತಂಗುವ ಒಂದೊಂದು ರಾತ್ರಿಗೂ ತಲೆಗೆ 1200 ಕಟ್ಟಬೇಕು. ಯಾವ 1200? ಆ ಹೆಸರು ಬರೆಯುವಾಗ ಕೈ ನಿಂತಿತು. ನ್ಗುಲ್ಟ್ರಮ್, ನುಲ್ಟ್ರಂ, ಗುಲ್ಟ್ರಮ್ ಮೂರನ್ನೂ ಓದಿದ್ದೇನೆ. 'ನ್ಗು' ಅನ್ನಲು ನನ್ನ ನಾಲಿಗೆಯಂತೂ ಹೊರಳುವುದಿಲ್ಲ.

ಇಂಗ್ಲಿಷಿನಲ್ಲಿ ಆ ಉಲಿಗೆ ಒಂದು ಅಕ್ಷರ ಇಲ್ಲ. ಅದಕ್ಕೇ ಎನ್, ಜಿ ಎರಡನ್ನೂ ಸೇರಿಸಿ ಬರೆಯುತ್ತಾರೆ. ನಾವು ಅದನ್ನು ಸುಮ್ನೆ ಇಳಿಸಿಕೊಂಡಿದ್ದೇವೆ. ಆದರೆ ನಮ್ಮಲ್ಲಿ ಆ ಅಕ್ಷರ ಇದೆಯಲ್ಲ! ಕ ಖ ಗ ಘ ಙ ಎಂದು ಬಾಯಿಪಾಠ ಮಾಡಿ, ಆಮೇಲೆ ಮರೆತೇ ಬಿಟ್ಟ ಙ. ಭೂತಾನಿನ ಜೊಂಖಾ ಭಾಷೆಯ ಲಿಪಿಯೂ ಬ್ರಾಹ್ಮಿಯ ಬಳಗದ್ದೇ. ಅಲ್ಲಿ ಮೊದಲ ಸಾಲು ಕ ಖ ಗ ಙ. ಈ ಪದದ ಉಚ್ಚಾರಣೆ ಶುರುವಾಗುವುದು ಆ ಙ ಉಲಿಯಿಂದಲೇ. ಟಿ, ಆರ್ ಜೋಡಿಯೂ ಹಾಗೇ. ಅಲ್ಲಿನ ಉಚ್ಚಾರಣೆ ನಮ್ಮ ಟ ಅಕ್ಷರಕ್ಕೆ ಹತ್ತಿರ. ಅಂದರೆ ಙುಲ್ಟಮ್ ಎಂದೇ ಬರೆಯಬಹುದೇನೋ. ರೂಢಿಗಾಗಿ ಙುಲ್ಟ್ರಮ್ ಆದರೂ ನನಗೆ ಒಪ್ಪಿಗೆ.

ಅರ್ಥ ಇನ್ನೂ ಚೆಂದ. ಙುಲ್ ಎಂದರೆ ಬೆಳ್ಳಿ. ನಮ್ಮ ರೂಪಾಯಿಯ ಬೇರಾದ ರೂಪ್ಯವೂ ಬೆಳ್ಳಿಯೇ, ಅಲ್ವಾ? 1974ರಲ್ಲಿ ಭೂತಾನ್ ಈ ದುಡ್ಡನ್ನು ತಂದಾಗ ಅದರ ಬೆಲೆಯನ್ನು ಭಾರತದ ರೂಪಾಯಿಗೆ ಸರಿಸಮ ಇಟ್ಟಿತು. ಇವತ್ತಿಗೂ ಒಂದಕ್ಕೆ ಒಂದೇ. ರೂಪಾಯಿ ಅಲ್ಲಿ ಚಲಾವಣೆಯಲ್ಲಿದೆ. ಅವರ ನೋಟಿಗೆ ಇಲ್ಲಿ ಆ ಮಾನ್ಯತೆ ಇಲ್ಲ.

ಎರಡನೆಯ ಪ್ರಶ್ನೆ ಇಲ್ಲೇ ಬರುತ್ತದೆ. ಹೀಗೆ ಒಂದು ದುಡ್ಡನ್ನು ಇನ್ನೊಂದಕ್ಕೆ ಬಿಗಿಯುವುದಕ್ಕೆ ಕನ್ನಡದಲ್ಲಿ ಏನನ್ನೋಣ? 'ಸ್ಥಿರ ವಿನಿಮಯ ದರ' ಸರಿಯೇ, ಆದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ನನಗೆ 'ಗೂಟಕ್ಕೆ ಕಟ್ಟಿದ ದುಡ್ಡು' ಹಿಡಿಸುತ್ತದೆ. ಗೂಟಕ್ಕೆ ಕಟ್ಟಿದ ಹಸು ದಾರಿ ತಪ್ಪದು, ಆದರೆ ಹಗ್ಗ ಇರುವಷ್ಟೇ ಮೇಯಬೇಕು. ಚುಖಾ, ತಾಲಾ ಕೇಂದ್ರಗಳ ಜಲವಿದ್ಯುತ್ತನ್ನು ಭಾರತಕ್ಕೆ ಮಾರಿ ಭೂತಾನ್ ರೂಪಾಯಿ ಗಳಿಸುತ್ತದೆ. ಭಾರತದಿಂದ ಸಾಮಾನು ತರಿಸಲು ಅದಕ್ಕಿಂತ ಜಾಸ್ತಿ ಬೇಕಾದರೆ ಕಷ್ಟ. 2012ರಲ್ಲಿ ಅಲ್ಲಿ ರೂಪಾಯಿಗೇ ಬರ ಬಂತು. ಅವರ ಕೇಂದ್ರ ಬ್ಯಾಂಕು ಙುಲ್ಟ್ರಮ್ ಅಚ್ಚು ಹಾಕಿಸಬಹುದು, ರೂಪಾಯಿಯನ್ನಲ್ಲ.

ಗೂಟಕ್ಕಿಂತ ಒಳ್ಳೆಯ ಪದ ನಿಮ್ಮೂರಿನ ಮಾತಿನಲ್ಲಿದ್ದರೆ ತಿಳಿಸಿ. ಹಾಗೇ, ಪದದ ಮೊದಲಲ್ಲಿ ಙು ಕಂಡರೆ ನಿಮ್ಮ ಮನೆಯ ಮಕ್ಕಳು ಹೇಗೆ ಓದುತ್ತಾರೆ? ಒಮ್ಮೆ ಓದಿಸಿ ಬರೆಯಿರಿ.