ಐವರಿಗಾಗಿ ಒಬ್ಬನ ಬಲಿ: ಈ ಧರ್ಮಸಂಕಟದಲ್ಲಿ ನಮ್ಮ ತೀರ್ಮಾನ ಎಲ್ಲಿಂದ ಹುಟ್ಟುತ್ತದೆ?

ಪ್ರಶ್ನೆ:

ಹಿಡಿತ ತಪ್ಪಿದ ಟ್ರಾಲಿಯೊಂದು ಹಳಿಯ ಮೇಲಿರುವ ಐವರತ್ತ ನುಗ್ಗುತ್ತಿದೆ. ಲಿವರ್ ಎಳೆದರೆ ಅದು ಪಕ್ಕದ ಹಳಿಗೆ ಹೊರಳಿ, ಅಲ್ಲಿರುವ ಒಬ್ಬ ಸಾಯುತ್ತಾನೆ. ನಾನು ಪಾಠ ಮಾಡುವ ಪದವಿ ತರಗತಿಯಲ್ಲಿ ಈ ಪ್ರಶ್ನೆ ಇಟ್ಟಾಗ ಹೆಚ್ಚಿನವರು ಎಳೆಯುವುದೇ ಸರಿ ಎಂದರು. ಆದರೆ ಮೇಲ್ಸೇತುವೆಯ ಮೇಲೆ ನಿಂತಿರುವ ದಢೂತಿ ಮನುಷ್ಯನನ್ನು ಕೆಳಗೆ ತಳ್ಳಿ, ಅವನ ದೇಹದಿಂದ ಟ್ರಾಲಿಯನ್ನು ತಡೆಯಬಹುದೇ ಎಂದು ಕೇಳಿದಾಗ ಅವರಲ್ಲೇ ಬಹುಪಾಲು ಮಂದಿ ಹಿಂದೆ ಸರಿದರು. ತಳ್ಳಬಹುದು ಎಂದ ಕೆಲವರನ್ನು ಉಳಿದವರು ಕಲ್ಲೆದೆಯವರು ಎಂದು ಕರೆದರೆ, ಅವರು ಇವರನ್ನು ಬರೀ ಭಾವುಕರು ಎಂದು ತಳ್ಳಿಹಾಕಿದರು. ಉತ್ತರವೊಂದನ್ನೇ ನೋಡಿ ವ್ಯಕ್ತಿಯ ಮನಸ್ಸನ್ನು ಹೀಗೆ ಅಳೆಯುವುದಕ್ಕೆ ನಿಜವಾಗಿ ಆಧಾರವಿದೆಯೇ?

ಮೊದಲ ಪ್ರತಿಕ್ರಿಯೆ:

ಟ್ರಾಲಿಯ ಉದಾಹರಣೆಯನ್ನು 1967ರಲ್ಲಿ ತತ್ವಜ್ಞಾನಿ ಫಿಲಿಪ್ಪಾ ಫುಟ್ ಮುಂದಿಟ್ಟರು. ಮೇಲ್ಸೇತುವೆಯ ರೂಪವನ್ನು 1976ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಜುಡಿತ್ ಜಾರ್ವಿಸ್ ಥಾಮ್ಸನ್ ಸೇರಿಸಿದರು. ಇವರಿಬ್ಬರೂ ಕೇಳಿದ್ದು ಯಾವುದು ಸರಿ ಎಂದು. ಜನ ಹೇಗೆ ನಿರ್ಧರಿಸುತ್ತಾರೆ ಎಂಬ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಮನೋವಿಜ್ಞಾನಿ ಜೋಶುವಾ ಗ್ರೀನ್ ಪ್ರಮುಖರು. 2001ರಲ್ಲಿ ಅವರ ತಂಡ ಮೆದುಳಿನ ಸ್ಕ್ಯಾನ್ ನಡೆಸಿದಾಗ, ಕೈಯಾರೆ ತಳ್ಳುವಂಥ ಸನ್ನಿವೇಶಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಸಕ್ರಿಯವಾಗಿದ್ದುದು ಕಂಡಿತು. ಹಿಂಸೆಯನ್ನು ಕಂಡೊಡನೆ ತಾನಾಗಿ ಏಳುವ ಹೇವರಿಕೆ ಒಂದು ಕಡೆ, ನಿಧಾನವಾಗಿ ಲಾಭನಷ್ಟ ತೂಗುವ ವಿವೇಚನೆ ಇನ್ನೊಂದು ಕಡೆ, ಇವೆರಡರ ನಡುವಿನ ಜಗ್ಗಾಟವೇ ತೀರ್ಮಾನ ಎಂಬುದು ಅವರ ವಾದ.

ಆದರೆ ಮೈಮುಟ್ಟುವುದೊಂದೇ ಕಾರಣವಲ್ಲ. ಗ್ರೀನ್ ತಂಡದ್ದೇ 2009ರ ಅಧ್ಯಯನದಲ್ಲಿ ಕೈಯ ಬದಲು ಕೋಲಿನಿಂದ ತಳ್ಳಿದರೂ ಒಪ್ಪಿದವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು. ದೂರದಿಂದ ಸ್ವಿಚ್ ಒತ್ತಿ, ಅವನ ಕಾಲ ಕೆಳಗಿನ ಬಾಗಿಲು ತೆರೆದು ಬೀಳಿಸಬಹುದು ಎಂದಾಗ ಮಾತ್ರ ಒಪ್ಪುವವರು ಗಣನೀಯವಾಗಿ ಹೆಚ್ಚಿದರು. ಅಂದರೆ ನಮ್ಮ ಸ್ವಂತ ಮೈಬಲ ಆ ಸಾವಿಗೆ ನೇರವಾಗಿ ಹರಿಯುತ್ತದೆಯೇ ಎಂಬುದು ಮುಖ್ಯವಾಗುತ್ತದೆ. ಸಾವು ಕೆಲಸದ ಪಾರ್ಶ್ವಪರಿಣಾಮವೋ ಅಥವಾ ಐವರನ್ನು ಉಳಿಸುವ ಸಾಧನವೋ ಎಂಬ ಹಳೆಯ ಭೇದವೂ ಜೊತೆಗೆ ಕೆಲಸ ಮಾಡುತ್ತದೆ. ಪಕ್ಕದ ಹಳಿಯವನು ಅಲ್ಲಿ ಇಲ್ಲದಿದ್ದರೂ ನಮ್ಮ ಯೋಜನೆ ನಡೆಯುತ್ತದೆ. ಸೇತುವೆಯ ಮೇಲಿನವನು ಇಲ್ಲದಿದ್ದರೆ ಯೋಜನೆಯೇ ಇಲ್ಲ.

ಎರಡನೆಯ ಪ್ರತಿಕ್ರಿಯೆ:

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ತಮ್ಮ ವಿದ್ಯಾರ್ಥಿಗಳ ಜಗಳಕ್ಕೆ ಅದರಲ್ಲಿ ಪೂರ್ಣ ಉತ್ತರವಿಲ್ಲ. ತಳ್ಳುತ್ತೇನೆ ಎನ್ನುವವನಿಗೆ ಐವರ ಜೀವದ ಬಗ್ಗೆ ಹೆಚ್ಚಿನ ಕಳಕಳಿ ಇರಬಹುದು. ಅಥವಾ ಒಬ್ಬನನ್ನು ಕೊಲ್ಲುವುದರ ಬಗ್ಗೆ ಅಳುಕೇ ಇಲ್ಲದಿರಬಹುದು. ಎರಡೂ ದಾರಿಗಳು ಒಂದೇ ಉತ್ತರಕ್ಕೆ ಬಂದು ಮುಟ್ಟುತ್ತವೆ. 2011ರಲ್ಲಿ ಸಂಶೋಧಕರಾದ ಬಾರ್ಟೆಲ್ಸ್ ಮತ್ತು ಪಿಜಾರೊ ಅವರು, ಬಲಿಕೊಡುವುದನ್ನು ಹೆಚ್ಚಾಗಿ ಒಪ್ಪುವವರಲ್ಲಿ ಮನೋವಿಕೃತಿಯ (ಇತರರ ನೋವಿಗೆ ಮರುಗದ ಸ್ವಭಾವ, ಸೈಕೋಪತಿ) ಲಕ್ಷಣಗಳ ಅಂಕವೂ ಸರಾಸರಿ ಹೆಚ್ಚಿರುವುದನ್ನು ತೋರಿಸಿದರು. 2013ರಲ್ಲಿ ಕಾನ್ವೇ ಮತ್ತು ಗವ್ರೋನ್ಸ್ಕಿ ಈ ಎರಡು ಎಳೆಗಳನ್ನು ಬಿಡಿಸುವ ವಿಧಾನವೊಂದನ್ನು ರೂಪಿಸಿದರು: ಹಿಂಸೆಯಿಂದ ಒಟ್ಟು ಒಳಿತು ಹೆಚ್ಚುವ ಸನ್ನಿವೇಶಗಳ ಜೊತೆಗೆ, ಹಿಂಸೆ ಮಾಡಿದರೂ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲದ ಸನ್ನಿವೇಶಗಳನ್ನೂ ಕೇಳುವುದು. ಎರಡರಲ್ಲೂ ಹಿಂಸೆಗೆ ಒಪ್ಪುವವನು ಲೆಕ್ಕ ಹಾಕುತ್ತಿಲ್ಲ. ಅವನಿಗೆ ಹಿಂಸೆ ಅಷ್ಟಾಗಿ ಚುಚ್ಚುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಇದೇ, ಏಕೆಂದರೆ ಅಪರಿಚಿತರ ಒಳಿತಿಗಾಗಿ ತಾನೇ ತ್ಯಾಗ ಮಾಡುವ ಗುಣವೂ ಇನ್ನೊಬ್ಬನನ್ನು ಬಲಿಕೊಡುವ ಸಿದ್ಧತೆಯೂ ಒಂದೇ ಎಂದು ಭಾವಿಸುವುದು ದೊಡ್ಡ ಅನ್ಯಾಯ. ತಮ್ಮ ತರಗತಿಯ ಎರಡು ಬಣಗಳೂ ಪರಸ್ಪರರ ಬಗ್ಗೆ ಆತುರದ ತೀರ್ಪು ಕೊಟ್ಟಿವೆ.

ಮೂರನೆಯ ಪ್ರತಿಕ್ರಿಯೆ:

ಕಾಗದದ ಮೇಲಿನ ಉತ್ತರ ನಿಜವಾದ ನಡತೆಯನ್ನು ಸೂಚಿಸುತ್ತದೆಯೇ ಎಂಬುದನ್ನೂ ಕೇಳಬೇಕು. 2018ರಲ್ಲಿ ಪ್ರಕಟವಾದ, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗವೊಂದರಲ್ಲಿ ಭಾಗವಹಿಸಿದವರ ಮುಂದೆ ಎರಡು ಪಂಜರಗಳಿದ್ದವು. ಒಂದರಲ್ಲಿ ಐದು ಇಲಿಗಳು, ಇನ್ನೊಂದರಲ್ಲಿ ಒಂದೇ ಇಲಿ. ಇಪ್ಪತ್ತು ಸೆಕೆಂಡುಗಳೊಳಗೆ ಗುಂಡಿ ಒತ್ತದಿದ್ದರೆ ಐದಕ್ಕೂ ವಿದ್ಯುತ್ ಆಘಾತವಾಗುತ್ತದೆ, ಒತ್ತಿದರೆ ಒಂದಕ್ಕೆ ಮಾತ್ರ ಎಂದು ಅವರಿಗೆ ತಿಳಿಸಲಾಗಿತ್ತು. ವಾಸ್ತವದಲ್ಲಿ ಯಾವ ಇಲಿಗೂ ಆಘಾತ ಕೊಡಲಿಲ್ಲ. ಪಂಜರದ ಮುಂದೆ ನಿಂತವರಲ್ಲಿ ಶೇ. 84 ಮಂದಿ ಗುಂಡಿ ಒತ್ತಿದರು. ಅದೇ ಸನ್ನಿವೇಶವನ್ನು ಕಲ್ಪಿಸಿಕೊಂಡು ಉತ್ತರಿಸಿದವರಲ್ಲಿ ಒತ್ತುತ್ತೇವೆ ಎಂದವರು ಶೇ. 66 ಮಾತ್ರ. ಟ್ರಾಲಿಯಂಥ ಪ್ರಶ್ನೆಗಳಿಗೆ ಪಂಜರದ ಮುಂದೆ ನಿಂತವರು ಕೊಟ್ಟಿದ್ದ ಉತ್ತರಗಳಿಂದ ಯಾರು ಒತ್ತುತ್ತಾರೆ ಎಂದು ಊಹಿಸಲೂ ಆಗಲಿಲ್ಲ. ಇಲಿಯ ನೋವು ಮನುಷ್ಯನ ಸಾವಿಗೆ ಸಮವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಕೈ ಎತ್ತಿಸಿ ಎಣಿಸಿದ್ದನ್ನು ಚಾರಿತ್ರ್ಯದ ಪ್ರಮಾಣಪತ್ರ ಎಂದು ತೆಗೆದುಕೊಳ್ಳಲಾಗದು ಎನ್ನಲು ಇಷ್ಟು ಸಾಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಪ್ರಯೋಜನವಿಲ್ಲದ ಹಿಂಸೆಯ ಸನ್ನಿವೇಶವನ್ನೂ ಸೇರಿಸಿ, ಕೈ ಎತ್ತಿಸುವ ಬದಲು ಬರವಣಿಗೆಯಲ್ಲಿ ಉತ್ತರ ಪಡೆಯಬೇಕೆಂದುಕೊಂಡಿದ್ದೇನೆ. ಬೇರೆ ಯಾವ ಎಚ್ಚರಿಕೆ ಬೇಕು?

ಮೊದಲ ಪ್ರತಿಕ್ರಿಯೆಯವರು:

ಪ್ರಶ್ನೆಗಳ ಕ್ರಮವನ್ನು ಗಮನಿಸಿ. ಮೇಲ್ಸೇತುವೆಯ ಪ್ರಶ್ನೆಯನ್ನು ಮೊದಲು ಓದಿದವರು ಅನಂತರ ಲಿವರ್ ಎಳೆಯಲೂ ಹಿಂಜರಿಯುವುದುಂಟು. ತತ್ವಶಾಸ್ತ್ರದಲ್ಲಿ ಪಳಗಿದವರೂ ಈ ಪ್ರಭಾವದಿಂದ ಹೊರತಲ್ಲ ಎಂದು 2012ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಅರ್ಧ ತರಗತಿಗೆ ಒಂದು ಕ್ರಮದಲ್ಲಿ, ಉಳಿದರ್ಧಕ್ಕೆ ಇನ್ನೊಂದು ಕ್ರಮದಲ್ಲಿ ಪ್ರಶ್ನೆಗಳನ್ನು ಕೊಡಿ, ಹಾಗೂ ಪ್ರತಿ ಉತ್ತರದ ಕೆಳಗೆ ಕಾರಣ ಬರೆಯಲು ಸಾಕಷ್ಟು ಜಾಗ ಬಿಡಿ.